ಮನುಷ್ಯ-ಪ್ರಾಣಿ ಮಿಶ್ರ ಜೀವಿಗಳ ಸಂಶೋಧನೆ: ಅಹಿಂಸಾ ಧರ್ಮ ಕೇಳುವ ಪ್ರಶ್ನೆ

ಹಂದಿಯ ಭ್ರೂಣದೊಳಗೆ ಮನುಷ್ಯನ ಜೀವಕೋಶಗಳನ್ನು ಸೇರಿಸಿ, ಮನುಷ್ಯನಿಗೆ ಹೊಂದುವ ಮೂತ್ರಪಿಂಡ, ಹೃದಯ, ಮೇದೋಜೀರಕ ಗ್ರಂಥಿಗಳನ್ನು ಅಲ್ಲಿ ಬೆಳೆಸಬಹುದೇ ಎಂಬ ಸಂಶೋಧನೆ ಕೆಲವು ವರ್ಷಗಳಿಂದ ಅಮೆರಿಕ, ಚೀನಾ, ಜಪಾನ್ ದೇಶಗಳಲ್ಲಿ ನಡೆಯುತ್ತಿದೆ. ಇಂಥ ಸುದ್ದಿ ಬಂದಾಗ ಕೆಲವರು ಇದನ್ನು ವಿಜ್ಞಾನದ ಪವಾಡವೆಂದು ಹೊಗಳುತ್ತಾರೆ. ಇನ್ನು ಕೆಲವರು ಮನುಷ್ಯ ಕುಲಕ್ಕೇ ಕಳಂಕವೆಂದು ಗಾಬರಿಗೊಳ್ಳುತ್ತಾರೆ. ಜೈನ ಧರ್ಮ ಕೇಳುವ ಪ್ರಶ್ನೆ ಇವೆರಡಕ್ಕಿಂತಲೂ ಬೇರೆ. ಅದನ್ನು ತಿಳಿಯುವ ಮೊದಲು ಪ್ರಯೋಗಾಲಯದಲ್ಲಿ ನಿಜವಾಗಿ ಏನು ನಡೆಯುತ್ತಿದೆ ಎಂಬುದು ಸ್ಪಷ್ಟವಾಗಬೇಕು.

ಸಂಕರ ಬೇರೆ, ಕೈಮೀರಾ ಬೇರೆ

ಒಂದು ಜಾತಿಯ ಅಂಡಾಣು ಮತ್ತು ಇನ್ನೊಂದು ಜಾತಿಯ ವೀರ್ಯಾಣು ಸೇರಿ ಹುಟ್ಟುವುದು ಸಂಕರ ಜೀವಿ. ಕುದುರೆ ಮತ್ತು ಕತ್ತೆಯಿಂದ ಹುಟ್ಟುವ ಹೇಸರಗತ್ತೆ ಎಲ್ಲರಿಗೂ ತಿಳಿದ ಉದಾಹರಣೆ. ಅದರ ಪ್ರತಿಯೊಂದು ಕೋಶದಲ್ಲೂ ಎರಡೂ ಜಾತಿಗಳ ವಂಶವಾಹಿ ಇರುತ್ತದೆ. ಮನುಷ್ಯ ಮತ್ತು ಪ್ರಾಣಿಯ ಇಂಥ ಸಂಕರ ಎಲ್ಲಿಯೂ ಹುಟ್ಟಿಲ್ಲ, ಈಗಿನ ಸಂಶೋಧನೆಯ ಗುರಿಯೂ ಅದಲ್ಲ.

ಈಗ ನಡೆಯುತ್ತಿರುವುದು ಕೈಮೀರಾ ಪ್ರಯೋಗ. ಬೆಳೆಯುತ್ತಿರುವ ಪ್ರಾಣಿ ಭ್ರೂಣಕ್ಕೆ ಮನುಷ್ಯನ ಆಕರ ಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು ಚುಚ್ಚಿ ಸೇರಿಸುತ್ತಾರೆ. ಈ ಕೋಶಗಳು ದೇಹದ ಯಾವ ಭಾಗವಾಗಿ ಬೇಕಾದರೂ ಬೆಳೆಯಬಲ್ಲವು. ಕೈಮೀರಾದಲ್ಲಿ ಎರಡು ಜಾತಿಯ ಕೋಶಗಳು ಒಂದೇ ದೇಹದಲ್ಲಿ ಅಕ್ಕಪಕ್ಕ ಇರುತ್ತವೆಯೇ ಹೊರತು ಒಂದರೊಳಗೊಂದು ಬೆರೆಯುವುದಿಲ್ಲ.

ಪ್ರಯೋಗಗಳು ಎಲ್ಲಿಯವರೆಗೆ ಬಂದಿವೆ

ಒಂದು ಅಂಗ ಬೆಳೆಯಲು ಬೇಕಾದ ವಂಶವಾಹಿಯನ್ನು ಭ್ರೂಣದಿಂದ ತೆಗೆದುಹಾಕಿದರೆ ಅಲ್ಲಿ ಜಾಗ ಖಾಲಿಯಾಗುತ್ತದೆ. ಹೊರಗಿನಿಂದ ಸೇರಿಸಿದ ಕೋಶಗಳು ಆ ಜಾಗವನ್ನು ತುಂಬಿಕೊಳ್ಳುತ್ತವೆ. ಜಪಾನಿನ ಹಿರೋಮಿತ್ಸು ನಕಾವುಚಿ ಅವರ ತಂಡ 2010ರಲ್ಲಿ ಇದೇ ರೀತಿ ಇಲಿಮರಿಯ ಜಾತಿಯ ಪ್ರಾಣಿಯಲ್ಲಿ, ಅಂದರೆ ಮೌಸ್‌ನಲ್ಲಿ, ದೊಡ್ಡ ಇಲಿಯ ಮೇದೋಜೀರಕ ಗ್ರಂಥಿ ಬೆಳೆಯುವಂತೆ ಮಾಡಿತು. ಮನುಷ್ಯನ ಕೋಶಗಳ ವಿಷಯದಲ್ಲಿ ಇದು ಅಷ್ಟು ಸುಲಭವಾಗಲಿಲ್ಲ.

2017ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ತಂಡವು ಮನುಷ್ಯ ಕೋಶ ಸೇರಿಸಿದ 2,075 ಹಂದಿ ಭ್ರೂಣಗಳನ್ನು 41 ಹೆಣ್ಣು ಹಂದಿಗಳ ಗರ್ಭದಲ್ಲಿ ಇರಿಸಿತು. ಮೂರರಿಂದ ನಾಲ್ಕು ವಾರ ಬೆಳೆದದ್ದು 186 ಭ್ರೂಣಗಳು ಮಾತ್ರ. ಅವುಗಳಲ್ಲಿದ್ದ ಮನುಷ್ಯ ಕೋಶ ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. 2021ರಲ್ಲಿ ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು 132 ಕೋತಿ ಭ್ರೂಣಗಳಿಗೆ ತಲಾ 25 ಮನುಷ್ಯ ಕೋಶಗಳನ್ನು ಸೇರಿಸಿ ಗಾಜಿನ ತಟ್ಟೆಯಲ್ಲೇ ಬೆಳೆಸಿದರು. 19ನೇ ದಿನಕ್ಕೆ ಉಳಿದದ್ದು ಮೂರು. 2023ರಲ್ಲಿ ಚೀನಾದ ಗುವಾಂಗ್‌ಝೌ ನಗರದ ಸಂಶೋಧಕರು 1,820 ಭ್ರೂಣಗಳನ್ನು 13 ಹಂದಿಗಳ ಗರ್ಭದಲ್ಲಿ ಇರಿಸಿ, 28 ದಿನಗಳೊಳಗೆ ಐದು ಭ್ರೂಣಗಳನ್ನು ಹೊರತೆಗೆದು ಪರೀಕ್ಷಿಸಿದರು. ಅವುಗಳ ಎಳೆಯ ಮೂತ್ರಪಿಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಕೋಶಗಳು ಮನುಷ್ಯನವಾಗಿದ್ದವು.

ಮೆದುಳಿನ ಮೇಲೂ ಪ್ರಯೋಗ ನಡೆದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವು ಮನುಷ್ಯನ ಆಕರ ಕೋಶಗಳಿಂದ ಬೆಳೆಸಿದ ಮೆದುಳಿನ ಅಂಗಾಂಶವನ್ನು ಎಳೆಯ ಇಲಿಗಳ ಮೆದುಳಿಗೆ ಕಸಿ ಮಾಡಿದ ವಿವರ 2022ರಲ್ಲಿ ಪ್ರಕಟವಾಯಿತು. ಇಲಿಯ ಮೀಸೆ ಅಲುಗಿಸಿದಾಗ ಆ ಮನುಷ್ಯ ನರಕೋಶಗಳೂ ಪ್ರತಿಕ್ರಿಯಿಸಿದವು. ಮಾನಸಿಕ ಮತ್ತು ನರ ಸಂಬಂಧಿ ಕಾಯಿಲೆಗಳನ್ನು ಅರಿಯುವುದು ಇದರ ಉದ್ದೇಶ.

ಈ ಎಲ್ಲದರ ಹಿಂದೆ ನಿಜವಾದ ನೋವೂ ಇದೆ. ಮೂತ್ರಪಿಂಡ ಕೆಟ್ಟವರು ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗುತ್ತಾ, ದಾನಿಗಾಗಿ ಕಾಯುತ್ತಾ, ಕಾಯುತ್ತಲೇ ತೀರಿಕೊಳ್ಳುತ್ತಾರೆ. ಈ ನೋವನ್ನು ಕಡೆಗಣಿಸಿ ಮಾತನಾಡುವುದು ಅನುಕಂಪೆಯಾಗಲಾರದು.

ಹೊರಗಿನ ಚರ್ಚೆ ಯಾವುದರ ಬಗ್ಗೆ

ಪಾಶ್ಚಾತ್ಯ ದೇಶಗಳ ನೈತಿಕ ಚರ್ಚೆಯಲ್ಲಿ ಮುಖ್ಯವಾಗಿ ಮೂರು ಆತಂಕಗಳಿವೆ. ಮನುಷ್ಯ ಕೋಶಗಳು ಪ್ರಾಣಿಯ ಮೆದುಳಿಗೆ ಹೋಗಿ ಅದಕ್ಕೆ ಮನುಷ್ಯನಂಥ ಅರಿವು ಬಂದರೆ? ಅವು ಅಂಡಾಣು ಅಥವಾ ವೀರ್ಯಾಣುಗಳಾದರೆ? ಪ್ರಾಣಿಯ ರೂಪವೇ ಮನುಷ್ಯನಂತಾದರೆ? ನಿಯಮಗಳೂ ಇವುಗಳ ಸುತ್ತಲೇ ರೂಪುಗೊಂಡಿವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2015ರಲ್ಲಿ ಇಂಥ ಭ್ರೂಣ ಪ್ರಯೋಗಗಳಿಗೆ ಹಣ ಕೊಡುವುದನ್ನು ತಡೆಹಿಡಿಯಿತು. ಜಪಾನ್ ಮಾತ್ರ 2019ರಲ್ಲಿ ತನ್ನ 14 ದಿನಗಳ ಮಿತಿಯನ್ನು ಸಡಿಲಿಸಿತು. ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಮನುಷ್ಯ ಆಕರ ಕೋಶ ಸೇರಿಸಿದ ಪ್ರಾಣಿಗಳಿಂದ ಸಂತಾನ ಪಡೆಯುವಂತಿಲ್ಲ.

ಗಮನಿಸಬೇಕಾದ ಅಂಶವೆಂದರೆ, ಈ ಮೂರೂ ಆತಂಕಗಳು ಮನುಷ್ಯನ ಕುರಿತಾದವು. ಹಂದಿ ಎಲ್ಲಿ ಮನುಷ್ಯನಾಗಿಬಿಡುತ್ತದೋ ಎಂಬ ಭಯವೇ ಅಲ್ಲಿ ಪ್ರಧಾನ. ಅದು ಹಂದಿಯಾಗಿಯೇ ಉಳಿದರೆ ತೊಂದರೆಯಿಲ್ಲ ಎಂಬುದು ಅದರೊಳಗೆ ಅಡಗಿರುವ ಮಾತು.

ಜೈನ ದರ್ಶನದ ನೋಟ

ಜೈನ ದರ್ಶನಕ್ಕೆ ಈ ಅಡಗಿದ ಮಾತೇ ಒಪ್ಪಿಗೆಯಲ್ಲ. ಹಂದಿ, ಕೋತಿ, ಇಲಿ ಇವೆಲ್ಲ ಮನಸ್ಸುಳ್ಳ ಸಂಜ್ಞಿ ಪಂಚೇಂದ್ರಿಯ ಜೀವಿಗಳು. ಐದು ಇಂದ್ರಿಯ, ಮನ-ವಚನ-ಕಾಯಗಳೆಂಬ ಮೂರು ಬಲ, ಉಸಿರಾಟ, ಆಯುಷ್ಯ ಹೀಗೆ ಮನುಷ್ಯನಿಗಿರುವ ಹತ್ತು ಪ್ರಾಣಗಳೇ ಅವಕ್ಕೂ ಇವೆ. ದೇಹದಲ್ಲಿ ಯಾರ ಕೋಶ ಎಷ್ಟು ಪಾಲು ಎಂಬುದು ಪುದ್ಗಲದ ಲೆಕ್ಕ. ಲಕ್ಷಕ್ಕೆ ಒಂದಿದ್ದರೂ ಅರ್ಧದಷ್ಟಿದ್ದರೂ ಒಳಗಿರುವ ಜೀವದ ನೋವು ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ಮನುಷ್ಯ ಗತಿ ದುರ್ಲಭ, ಮೋಕ್ಷಕ್ಕೆ ಅದೇ ದ್ವಾರ ಎಂಬುದು ನಿಜ. ಆದರೆ ತಿರ್ಯಂಚ ಗತಿಯ ಜೀವ ಬೇರೆ ದ್ರವ್ಯದಿಂದಾದದ್ದಲ್ಲ. ಭಗವಾನ್ ಮಹಾವೀರರ ಜೀವ ಹಿಂದಿನ ಭವದಲ್ಲಿ ಸಿಂಹವಾಗಿದ್ದು ಮುನಿಗಳ ಉಪದೇಶದಿಂದ ಶಾಂತವಾದದ್ದು, ಪಾರ್ಶ್ವನಾಥರ ಜೀವ ಆನೆಯಾಗಿದ್ದು ವ್ರತ ಪಾಲಿಸಿದ್ದು ಪುರಾಣಗಳಿಂದ ಎಲ್ಲರಿಗೂ ತಿಳಿದಿದೆ. ತೀರ್ಥಂಕರರ ಜೀವವೇ ವಾಸಿಸಿದ್ದ ಗತಿಯನ್ನು ಬಿಡಿಭಾಗಗಳ ಉಗ್ರಾಣವೆಂದು ಕಾಣುವುದು ಜೈನರಿಗೆ ಸಾಧ್ಯವಾಗಬಾರದು.

14 ದಿನಗಳ ಮಿತಿಯೂ ಇದೇ ಕಾರಣಕ್ಕೆ ಜೈನ ವಿಚಾರಕ್ಕೆ ಪೂರ್ತಿ ಸಮಾಧಾನ ಕೊಡುವುದಿಲ್ಲ. ಗರ್ಭದಲ್ಲಿ ಜೀವ ಬಂದು ಸೇರುವುದು ಆರಂಭದಲ್ಲೇ ಹೊರತು ಎರಡು ವಾರ ಕಳೆದ ಮೇಲಲ್ಲ. ಭ್ರೂಣಗಳ ಜೊತೆಗೆ, ಶಸ್ತ್ರಕ್ರಿಯೆಗೆ ಒಳಗಾಗಿ ಅವನ್ನು ಹೊರುವ ತಾಯಿ ಹಂದಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸುದ್ದಿಗಳಲ್ಲಿ ಅವುಗಳ ಮಾತು ಬರುವುದೇ ಅಪರೂಪ.

ಒಳ್ಳೆಯ ಉದ್ದೇಶ ಸಾಲದೇ?

ಜನರನ್ನು ಉಳಿಸಲು ಕೆಲವು ಪ್ರಾಣಿಗಳನ್ನು ಬಳಸಿದರೆ ತಪ್ಪೇನು ಎಂಬ ಪ್ರಶ್ನೆ ಹೊಸದಲ್ಲ. ಆಚಾರ್ಯ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇಂಥ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸುತ್ತಾರೆ. ಅನೇಕ ಚಿಕ್ಕ ಜೀವಿಗಳ ಬದಲು ಒಂದು ದೊಡ್ಡ ಪ್ರಾಣಿಯನ್ನು ಕೊಲ್ಲುವುದು ಮೇಲೆಂಬ ವಾದವನ್ನೂ, ಅನೇಕರ ರಕ್ಷಣೆಗಾಗಿ ಒಂದನ್ನು ಕೊಲ್ಲಬಹುದೆಂಬ ವಾದವನ್ನೂ ಅವರು ಒಪ್ಪುವುದಿಲ್ಲ. ಹಿಂಸೆಯನ್ನು ಲಾಭನಷ್ಟದ ತಕ್ಕಡಿಯಲ್ಲಿಟ್ಟು ಸರಿ ಮಾಡಲು ಬರುವುದಿಲ್ಲ ಎಂಬುದು ಅವರ ನಿಲುವು.

ಕನ್ನಡಿಗರಿಗೆ ಜನ್ನನ ಯಶೋಧರ ಚರಿತೆಯೂ ನೆನಪಾಗಬೇಕು. ಯಶೋಧರ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಆ ಸಂಕಲ್ಪದ ಫಲವಾಗಿ ಅವನೂ ತಾಯಿ ಚಂದ್ರಮತಿಯೂ ನವಿಲು, ನಾಯಿ, ಮೀನು, ಆಡು, ಕೋಳಿ ಮುಂತಾದ ಭವಗಳಲ್ಲಿ ತೊಳಲಬೇಕಾಯಿತು. ಆ ಬಲಿಯ ಉದ್ದೇಶವೂ ಕೇಡನ್ನು ತಪ್ಪಿಸುವುದೇ ಆಗಿತ್ತು. ಮನುಷ್ಯ ಮತ್ತು ಪ್ರಾಣಿಯ ನಡುವಿನ ಗೆರೆ ಒಂದು ಭವದಷ್ಟು ತೆಳುವೆಂದು ಈ ಕಾವ್ಯ ಎಂಟು ಶತಮಾನಗಳ ಹಿಂದೆಯೇ ಹೇಳಿದೆ.

ಹಾಗೆಂದು ವಿಜ್ಞಾನಿಗಳೆಲ್ಲ ಕ್ರೂರಿಗಳೆಂದು ತೀರ್ಮಾನಿಸುವುದು ಅನೇಕಾಂತಕ್ಕೆ ತಕ್ಕುದಲ್ಲ. ಶ್ರಾವಕಾಚಾರದಲ್ಲಿ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಲಾಗಿದೆ. ವೈದ್ಯ ಸಂಶೋಧನೆಯಲ್ಲಿ ಕೊಲ್ಲುವ ಬಯಕೆಯಿಲ್ಲ, ಆದ್ದರಿಂದ ಅದು ಉದ್ಯೋಗೀ ಹಿಂಸೆ ಎಂದು ವಾದಿಸಬಹುದು. ಆದರೆ ಉಳುವಾಗ ಹುಳು ಸಾಯುವುದಕ್ಕೂ, ಅಂಗ ತೆಗೆಯುವ ದಿನವನ್ನು ಮೊದಲೇ ಗೊತ್ತುಮಾಡಿ ಪ್ರಾಣಿಯನ್ನು ಹುಟ್ಟಿಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ಸಾವು ಯೋಜನೆಯ ಭಾಗ. ಅದು ಸಂಕಲ್ಪೀ ಹಿಂಸೆಗೆ ಹತ್ತಿರ, ಗೃಹಸ್ಥನೂ ಬಿಡಬೇಕಾದ ಹಿಂಸೆಗೆ ಹತ್ತಿರ.

ಮನೆಗಳಿಗೆ ಬರುವ ಪ್ರಶ್ನೆ

ಕೈಮೀರಾ ಹಂದಿಯಲ್ಲಿ ಬೆಳೆದ ಅಂಗ ಇನ್ನೂ ಯಾವ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಆದರೆ ವಂಶವಾಹಿ ತಿದ್ದಿದ ಹಂದಿಯ ಹೃದಯವನ್ನು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 2022ರ ಜನವರಿಯಲ್ಲಿ ಒಬ್ಬ ರೋಗಿಗೆ ಜೋಡಿಸಲಾಯಿತು. ಅವರು ಸುಮಾರು ಎರಡು ತಿಂಗಳು ಬದುಕಿದ್ದರು. ಹೃದಯದ ಕವಾಟ ಬದಲಿಸುವಾಗ ಹಂದಿ ಅಥವಾ ದನದ ಅಂಗಾಂಶದಿಂದ ಮಾಡಿದ ಕವಾಟಗಳನ್ನು ಬಳಸುವುದು ಎಂದಿನಿಂದಲೂ ಇದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧಿ ಬಹುತೇಕ ಹಂದಿಯ ಕರುಳಿನಿಂದ ಬರುತ್ತದೆ.

ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ನಮ್ಮ ಪಾಲು ಎಷ್ಟು ಎಂದು ಯೋಚಿಸುವ ಕುಟುಂಬಗಳು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರನ್ನು ಕೇಳಬಹುದು. ಲೋಹದ ಕವಾಟದ ಆಯ್ಕೆ ಇದೆ, ಅದಕ್ಕೆ ಜೀವನಪೂರ್ತಿ ರಕ್ತ ತೆಳುವಾಗಿಸುವ ಮಾತ್ರೆ ಬೇಕಾಗುತ್ತದೆ. ಕೆಲವರಿಗೆ ಅದು ಹೊಂದುವುದಿಲ್ಲ. ತುರ್ತು ಸ್ಥಿತಿಯಲ್ಲಿ ಬೇರೆ ದಾರಿಯಿಲ್ಲದೆ ಪ್ರಾಣಿಜನ್ಯ ಚಿಕಿತ್ಸೆ ಪಡೆದವರನ್ನು ಹೀಗಳೆಯುವುದು ಯಾರಿಗೂ ಶೋಭೆಯಲ್ಲ. ನಡೆಯುತ್ತಿರುವ ಔಷಧಿಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಲೂಬಾರದು. ವ್ರತ ನಿಯಮದ ಸಂಶಯವಿದ್ದರೆ ಮುನಿಗಳನ್ನೋ ಭಟ್ಟಾರಕರನ್ನೋ ಕೇಳಿ ಮುಂದುವರಿಯುವುದು ಒಳ್ಳೆಯದು.

ಬೇರೆ ದಾರಿ ಇದೆ

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಸಾಧ್ಯವಿರುವ ಕಡೆ ಪ್ರಾಣಿ ಪ್ರಯೋಗ ತಪ್ಪಿಸಬೇಕೆಂದು ಹೇಳುತ್ತದೆ. 2023ರಲ್ಲಿ ಭಾರತ ಸರ್ಕಾರ ಔಷಧ ಪರೀಕ್ಷೆಯ ನಿಯಮಗಳನ್ನು ತಿದ್ದಿ, ಮನುಷ್ಯ ಕೋಶಗಳಿಂದ ಬೆಳೆಸಿದ ಅಂಗಾಂಶ, ಚಿಪ್ ಮೇಲಿನ ಅಂಗ, ಕಂಪ್ಯೂಟರ್ ಮಾದರಿ ಮುಂತಾದ ಪ್ರಾಣಿರಹಿತ ವಿಧಾನಗಳಿಗೂ ಅವಕಾಶ ಕೊಟ್ಟಿತು. ಜೀವವಿಜ್ಞಾನ, ವೈದ್ಯಕೀಯ ಓದುತ್ತಿರುವ ಸಮಾಜದ ಯುವಕ ಯುವತಿಯರು ಧರ್ಮ ಮತ್ತು ವೃತ್ತಿ ಎರಡಕ್ಕೂ ಒಪ್ಪುವ ಕೆಲಸವನ್ನು ಇಲ್ಲಿ ಕಂಡುಕೊಳ್ಳಬಹುದು.

ಎಲ್ಲಕ್ಕಿಂತ ಹತ್ತಿರದ ಉತ್ತರ ಅಂಗದಾನ. ಹಂದಿಯಲ್ಲಿ ಮನುಷ್ಯನ ಅಂಗ ಬೆಳೆಸುವ ಆಲೋಚನೆ ಹುಟ್ಟಿದ್ದೇ ಮನುಷ್ಯರಿಂದ ಅಂಗ ಸಾಕಷ್ಟು ಸಿಗದ ಕಾರಣ. ಮೆದುಳು ನಿಷ್ಕ್ರಿಯಗೊಂಡು ಮೃತಪಟ್ಟ ಒಬ್ಬ ವ್ಯಕ್ತಿಯ ಎರಡು ಮೂತ್ರಪಿಂಡ, ಯಕೃತ್ತು, ಹೃದಯ, ಶ್ವಾಸಕೋಶಗಳು ಹಲವರನ್ನು ಉಳಿಸಬಲ್ಲವು. ಯಾವ ಜೀವಿಯನ್ನೂ ಕೊಲ್ಲದೆ ಇನ್ನೊಂದು ಜೀವಕ್ಕೆ ಆಸರೆಯಾಗುವ ಮಾರ್ಗ ಇದು. ಕರ್ನಾಟಕದಲ್ಲಿ ಮೃತರ ಅಂಗದಾನವನ್ನು ಜೀವಸಾರ್ಥಕತೆ ಸಂಸ್ಥೆ ನಿರ್ವಹಿಸುತ್ತದೆ. ಹೆಸರು ನೋಂದಾಯಿಸಿದರೂ ಆ ಗಳಿಗೆಯಲ್ಲಿ ಮನೆಯವರ ಒಪ್ಪಿಗೆ ಬೇಕಾಗುವುದರಿಂದ, ತಮ್ಮ ಇಚ್ಛೆಯನ್ನು ಮನೆಯಲ್ಲಿ ಮೊದಲೇ ಹೇಳಿಡುವುದು ಅಗತ್ಯ.

ಪ್ರಾಣಿಯ ದೇಹದಿಂದ ಅಂಗ ಪಡೆಯುವುದು ಬೇಡವೆನ್ನುವ ಸಮಾಜವು, ತನ್ನ ಬಳಿಯಿರುವ ಅಂಗವನ್ನು ಕೊಡಲು ಮುಂದಾದಾಗ ಮಾತ್ರ ಆ ಮಾತಿಗೆ ತೂಕ ಬರುತ್ತದೆ.