ಗಣಕಸೂಚಿಯ 'ನೋಟ'ಗಳು: ಅವುಗಳ ಲಕ್ಷಣವನ್ನು ಅರಿಯುವ ಬಗೆ

ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿ ೧೯೪೮ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದ 'ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ'ಯ ಮಿತಿಯನ್ನು ಅದರ ಶೀರ್ಷಿಕೆಯೇ ಸಾರುತ್ತದೆ. ಗಣಕದಲ್ಲಿರುವ ಸೂಚಿಗಳ ಮಿತಿ ಹೀಗೆ ಮೇಲ್ನೋಟಕ್ಕೆ ಕಾಣದು. ಸಂಬಂಧಾತ್ಮಕ ದತ್ತಸಂಚಯದಲ್ಲಿ ವಿವರಗಳು ಮೂಲಕೋಷ್ಟಕಗಳಲ್ಲಿರುತ್ತವೆ. ನಮ್ಮೆದುರು ಬರುವುದು ಬಹುಧಾ 'ವ್ಯೂ', ಎಂದರೆ ನೋಟ. ಅದು ಕೋಷ್ಟಕದಂತೆ ತೋರಿದರೂ ವಸ್ತುತಃ ಹೆಸರಿಟ್ಟು ಕಾಯ್ದಿರಿಸಿದ ಒಂದು ಪ್ರಶ್ನೆ. ನಯವನ್ನು ಬಲ್ಲ ನಮ್ಮ ಪಂಡಿತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅಥಣಿ ತಾಲೂಕಿನ ತೆಲಸಂಗದಲ್ಲಿ ಕಾಗದದ ಪ್ರತಿಯೊಂದು ದೊರೆತು ಮೂಲಕೋಷ್ಟಕಕ್ಕೆ ಸೇರಿತೆಂದು ಭಾವಿಸೋಣ. ನೋಟದಲ್ಲಿ 'ಓಲೆ ಮಾತ್ರ' ಎಂಬ ನಿಬಂಧನೆಯಿದ್ದರೆ ಆ ಪ್ರತಿ ಕಾಣದು. ಸಂಪಾದಕನು ಅದನ್ನೇ ನಂಬಿ 'ಈ ಭಾಗದಲ್ಲಿ ಪ್ರತಿಯಿಲ್ಲ' ಎಂದು ಪೀಠಿಕೆಯಲ್ಲಿ ಬರೆದರೆ ಅದರ ಪಾಠಾಂತರಗಳೆಲ್ಲ ಕೈಬಿಟ್ಟುಹೋಗುತ್ತವೆ.

ಎಸ್‌ಕ್ಯುಎಲ್ ಭಾಷೆಯ ೧೯೯೨ರ ಮಾನಕವು ಇದಕ್ಕಾಗಿ 'ಇನ್‌ಫರ್ಮೇಷನ್ ಸ್ಕೀಮಾ' ಎಂಬ ಸೂಚಿಗಳ ಸೂಚಿಯನ್ನು ವಿಧಿಸಿದೆ. ಅದರ 'ವ್ಯೂಸ್' ವಿಭಾಗದಲ್ಲಿ (ಇದೂ ಒಂದು ನೋಟವೇ ಎಂಬುದು ಸ್ವಾರಸ್ಯ) 'ವ್ಯೂ ಡೆಫಿನಿಷನ್' ಎಂಬ ಅಂಕಣವು ನೋಟದ ಪ್ರಶ್ನೆಯನ್ನು ಯಥಾವತ್ತಾಗಿ ಅಥವಾ ತುಸು ರೂಪಾಂತರದಿಂದ ಕೊಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ನೋಟದ ಒಡೆತನವಿಲ್ಲದವರಿಗೆ ಈ ಅಂಕಣ ಬರಿದಾಗಿರುತ್ತದೆ. ಆಗ 'ಪಿಜಿ ವ್ಯೂಸ್' ನೋಡತಕ್ಕದ್ದು. ಒರಾಕಲ್‌ನಲ್ಲಿ 'ಆಲ್ ವ್ಯೂಸ್' ಇದೆ.

ಪ್ರಶ್ನೆಯಲ್ಲಿ 'ವ್ಹೇರ್' ಪದದ ಮುಂದಿನ ನಿಬಂಧನೆಗಳನ್ನು ಎಲ್ಲರೂ ಓದುತ್ತಾರೆ. 'ಜಾಯಿನ್' ಎಂಬುದನ್ನು ಉಪೇಕ್ಷಿಸುವುದೇ ಹೆಚ್ಚು. ಕೃತಿಗಳನ್ನು ಕರ್ತೃಗಳ ಕೋಷ್ಟಕದೊಡನೆ ಸಾಮಾನ್ಯ ಜಾಯಿನ್‌ನಿಂದ ಕೂಡಿಸಿದಾಗ ಕರ್ತೃವಿನ ನಮೂದಿಲ್ಲದ ಕೃತಿಗಳು ಸದ್ದಿಲ್ಲದೆ ಜಾರಿಹೋಗುತ್ತವೆ. ನಮ್ಮ ಭಂಡಾರಗಳಲ್ಲಿ ಅಜ್ಞಾತಕರ್ತೃಕ ಟೀಕೆಗಳೂ ಕಥೆಗಳೂ ಎಷ್ಟಿವೆಯೆಂಬುದನ್ನು ಓದುಗರು ಬಲ್ಲರು. ಅಂತಹ ನೋಟದಲ್ಲಿ 'ಲೆಫ್ಟ್ ಜಾಯಿನ್' ಎಂದಿರಬೇಕು. ಇಲ್ಲವಾದರೆ ಮೂಲಕೋಷ್ಟಕವನ್ನೇ ಕೇಳಿ ಪಡೆಯಬೇಕು.