ರವಿವರ್ಮ ಮುದ್ರಣಾಲಯ: ಕಲ್ಲಚ್ಚಿನ ವರ್ಣಚಿತ್ರಗಳ ಇತಿಹಾಸ

ನಮ್ಮ ನಾಡಿನ ಹಳೆಯ ಮನೆಗಳ ದೇವರ ಕೋಣೆಯಲ್ಲಿ, ಕಮಲದ ಮೇಲೆ ನಿಂತ ಲಕ್ಷ್ಮಿಯ ಪಟವನ್ನು ಕಾಣದವರು ವಿರಳ. ಅದು ರವಿವರ್ಮನ ಚಿತ್ರವೆಂದು ಎಲ್ಲರೂ ಬಲ್ಲರು. ಆದರೆ ಅದನ್ನು ಮನೆಮನೆಗೆ ಮುಟ್ಟಿಸಿದ ಮುದ್ರಣಾಲಯದ ಚರಿತ್ರೆಯನ್ನು ಬಲ್ಲವರು ಕಡಮೆ.

ರವಿವರ್ಮನ ಮೂಲ ತೈಲಚಿತ್ರಗಳು ಬಹುಮಟ್ಟಿಗೆ ಅರಮನೆಗಳ ಸ್ವತ್ತಾಗಿದ್ದವು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿಯೂ ಆತನು ಪೌರಾಣಿಕ ಚಿತ್ರಗಳನ್ನು ರಚಿಸಿದನು. ಜನಸಾಮಾನ್ಯರಿಗೆ ಇಂಥವು ಎಟುಕುತ್ತಿರಲಿಲ್ಲ. ಈ ಕೊರತೆಯನ್ನು ನೀಗಲು ರವಿವರ್ಮನೂ ಆತನ ತಮ್ಮ ರಾಜವರ್ಮನೂ 1894ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಮುದ್ರಣಾಲಯವನ್ನು ತೆರೆದರು. ಯಂತ್ರಗಳೂ ಕುಶಲಿಗಳೂ ಜರ್ಮನಿಯಿಂದ ಬಂದರು.

ಜಿಡ್ಡೂ ನೀರೂ ಒಂದಕ್ಕೊಂದು ಬೆರೆಯವೆಂಬುದೇ ಕಲ್ಲಚ್ಚಿನ ತತ್ತ್ವ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಕಲ್ಲನ್ನು ತೋಯಿಸಿ ಮಸಿ ಹಚ್ಚಿದರೆ, ಮಸಿಯು ಗೆರೆಗಳಿಗೆ ಮಾತ್ರ ಅಂಟುತ್ತದೆ. ಈ ವಿದ್ಯೆ ಕನ್ನಡ ನಾಡಿಗೆ ಹೊಸತಾಗಿರಲಿಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿಯೇ ಹೊರಬಂದಿತ್ತು. ಆದರೆ ಅಲ್ಲಿ ಒಂದೇ ಮಸಿ. ವರ್ಣಚಿತ್ರಕ್ಕಾದರೋ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಪ್ರತಿಯೊಂದು ಕಲ್ಲಿನ ಅಚ್ಚೂ ಹಿಂದಿನದರ ಮೇಲೆ ಸರಿಯಾಗಿ ಕೂಡಬೇಕು; ಕೂದಲೆಳೆಯಷ್ಟು ಜರುಗಿದರೂ ಚಿತ್ರ ಕೆಡುವುದು. ಕೊನೆಗೆ ಮೆರುಗೆಣ್ಣೆ ಬಳಿದರೆ ತೈಲಚಿತ್ರದ ಹೊಳಪು ಬರುತ್ತಿತ್ತು.

ಇಂಥ ಕೆಲಸಕ್ಕೆ ಬಂಡವಾಳವೂ ನುರಿತ ಕೈಗಳೂ ಅಗತ್ಯ. ಮುಂಬಯಿಯಲ್ಲಿ 1896ರಿಂದ ಪ್ಲೇಗಿನ ಹಾವಳಿಯೂ ತಲೆದೋರಿತು. 1899ರಲ್ಲಿ ಮುದ್ರಣಾಲಯವು ಲೋಣಾವಳದ ಸಮೀಪದ ಮಳವಲಿಗೆ ಸ್ಥಳಾಂತರಗೊಂಡಿತು. ಆದರೂ ಸಾಲದ ಹೊರೆ ಇಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಸೋದರರು ಅದನ್ನು ತಮ್ಮ ಜರ್ಮನ್ ತಂತ್ರಜ್ಞನಾದ ಫ್ರಿಟ್ಸ್ ಷ್ಲೈಶರನಿಗೆ, ಹಲವು ಚಿತ್ರಗಳನ್ನು ಮುದ್ರಿಸುವ ಹಕ್ಕಿನೊಡನೆ, ಮಾರಬೇಕಾಯಿತು.

ಷ್ಲೈಶರನು ದೇವರ ಪಟಗಳನ್ನಷ್ಟೇ ನೆಚ್ಚಿ ಕೂರಲಿಲ್ಲ. ಸರಕುಗಳ ಚೀಟಿಗಳನ್ನೂ ಜಾಹೀರಾತುಗಳನ್ನೂ ಅಚ್ಚುಹಾಕಿ ಸಂಸ್ಥೆಯನ್ನು ನಿಲ್ಲಿಸಿದನು. ರವಿವರ್ಮನು 1906ರಲ್ಲಿ ತೀರಿಕೊಂಡ ಮೇಲೂ ಆತನ ಹೆಸರಿನಲ್ಲಿಯೇ ಪಟಗಳು ಬರುತ್ತಿದ್ದವು. 1972ರಲ್ಲಿ ಬೆಂಕಿ ಬಿದ್ದು ಮುದ್ರಣಾಲಯವು ನಾಶವಾಯಿತು.

ಹೀಗೆ, ಚಿತ್ರಕಾರನ ಕುಟುಂಬವು ಉಳಿಸಿಕೊಳ್ಳಲಾರದೆ ಹೋದುದನ್ನು ಮುದ್ರಕನು ಉಳಿಸಿದನು. ಕೀರ್ತಿ ಕುಂಚಕ್ಕೆ ಸಂದಿತು. ಕಲ್ಲಿನ ಮೇಲೆ ಬಣ್ಣಗಳನ್ನು ಬೇರ್ಪಡಿಸಿದ ಕೈಗಳ ಹೆಸರು ಪಟದ ಮೇಲೆ ಬರಲಿಲ್ಲ. ಹಳೆಯ ಮನೆಗಳನ್ನು ಕೆಡವುವಾಗ ಇಂಥ ಪಟಗಳನ್ನು ಅರಳಿಕಟ್ಟೆಯಲ್ಲಿಟ್ಟು ಬರುವುದುಂಟು. ಅದಕ್ಕೆ ಮುನ್ನ ವಿದ್ಯಾರ್ಥಿಗಳು ಅಂಚಿನ ಸಣ್ಣ ಅಕ್ಷರಗಳನ್ನು ಓದಿ, ಮುದ್ರಣಾಲಯದ ಹೆಸರನ್ನೂ ಊರನ್ನೂ ಬರೆದಿಟ್ಟುಕೊಳ್ಳಲಿ. ಶಾಸನವನ್ನು ಓದುವ ಶ್ರದ್ಧೆಗೆ ಈ ಅಂಚೂ ಅರ್ಹವಾದುದೇ.