‘ಜನ ಜಾಸ್ತಿ’ ಎಂಬ ಉತ್ತರ ಬಂದಾಗ

ಹವಾಮಾನ ಬದಲಾವಣೆಗೆ ಕಾರಣ ಕೇಳಿದರೆ ಮಕ್ಕಳು ಮೊದಲು ಹೇಳುವುದು ‘ಜನಸಂಖ್ಯಾ ಸ್ಫೋಟ’. ವಿಜಯನಗರದ ಶಾಲೆಯೊಂದರ 9ನೇ ತರಗತಿಯಲ್ಲಿ ನನ್ನ ಅಭ್ಯಾಸ ಬೋಧನೆಯಲ್ಲೂ ಅದೇ ಬಂತು. ‘ಹೊರಗಿನಿಂದ ಬಂದವರಿಂದ ಸಾರ್’ ಎಂದು ಒಬ್ಬ ಸೇರಿಸಿದ. ಹಿಂದಿನ ಬೆಂಚಿನಲ್ಲಿ ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳಿದ್ದಳು.

ಹಲಗೆಯ ಮೇಲೆ ಅಂಕಿಗಳನ್ನೇ ಬರೆದೆ. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ ಸುಮಾರು 65 ಲಕ್ಷ ಜನ, 2011ರಲ್ಲಿ 96 ಲಕ್ಷ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಕಡಿಮೆ. ನಗರ ಬೆಳೆದದ್ದು ಹೆಚ್ಚಾಗಿ ವಲಸೆಯಿಂದ. ಊರು ಬದಲಿಸಿದ ಮಾತ್ರಕ್ಕೆ ಭೂಮಿಯ ಮೇಲೆ ಜನ ಹೆಚ್ಚುವುದಿಲ್ಲ.

ಇನ್ನು ಇಂಗಾಲದ ಡೈಆಕ್ಸೈಡ್: ವರ್ಷಕ್ಕೆ ತಲಾ ಭಾರತದಲ್ಲಿ ಸುಮಾರು 2 ಟನ್, ಅಮೆರಿಕದಲ್ಲಿ 14ರ ಆಸುಪಾಸು. ನಮ್ಮೊಳಗೂ ಕಾರಿನಲ್ಲಿ ಒಬ್ಬರೇ ಬರುವವರ ಪಾಲು ಬೇರೆ, ಬಿಎಂಟಿಸಿಯಲ್ಲಿ ನಿಂತು ಬರುವವರ ಪಾಲು ಬೇರೆ.

ಜನದಟ್ಟಣೆಯ ಒತ್ತಡ ಸುಳ್ಳಲ್ಲ. ಕೆಂಗೇರಿಯ ಮಕ್ಕಳು ವೃಷಭಾವತಿಯ ಕೊಳಚೆ ನೋಡಿಯೇ ಬೆಳೆದಿದ್ದಾರೆ. ಆದರೆ ಅದು ಒಳಚರಂಡಿಯ ಪ್ರಶ್ನೆ, ಬೇರೆ ಅವಧಿಗೆ ಇಟ್ಟುಕೊಳ್ಳಿ.

ಈ ಪಾಠಕ್ಕೆ ಬೆಸ್ಕಾಂ ಬಿಲ್ಲು ಸಾಕು. ತಿಂಗಳ ಯೂನಿಟ್‌ಗಳನ್ನು ಮನೆಮಂದಿಯ ಸಂಖ್ಯೆಯಿಂದ ಭಾಗಿಸಿ, ಹೆಸರಿಲ್ಲದ ಚೀಟಿಯಲ್ಲಿ ಬರೆದುಕೊಡಲಿ. ಹೆಚ್ಚು ಜನರಿರುವ ಮನೆಯಲ್ಲೇ ತಲಾ ಬಳಕೆ ಹೆಚ್ಚೇ ಎಂದು ಅವರೇ ನೋಡಲಿ. ಬಿಲ್ಲು ತರಲು ಹಿಂದಿನ ದಿನವೇ ಹೇಳಿರಬೇಕು.